ಹದಿಮೂರನೆಯ ಹಂತ

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯದು ಇನ್ನೂ ಮೂರು ಹೆಣಿಗೆಯಷ್ಟೇ ಆಗಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಮಗಳ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವಳು ಇನ್ನೊಂದು ಕೈಯಿಂದ ಫೋನು ಎತ್ತಿದಳು. ಕಚೇರಿಯ ಯಜಮಾನರು. ಬೆಳಗ್ಗೆ ಏಳೂವರೆಗೆ ಅವರು ಫೋನು ಮಾಡಿದ್ದು ಎಂಟು ವರ್ಷದಲ್ಲಿ ಇದೇ ಮೊದಲು.

"ಆಸ್ಪತ್ರೆ ಹಾಲಿನ ಕೋಣೇಲಿ ಫ್ರೀಜರ್ ನಿಂತುಹೋಗಿದೆ," ಎಂದರು. "ನಿನ್ನೆ ಭಾನುವಾರ ಮಧ್ಯಾಹ್ನವೇ ನಿಂತಿದೆ. ನಮ್ಮ ಸಾಫ್ಟ್‌ವೇರ್ ಒಂದು ಸಂದೇಶಾನೂ ಕಳಿಸಿಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ. ನಲವತ್ತಮೂರು ಬಾಟಲು ಹಾಲು ಚೆಲ್ಲಬೇಕಾಯ್ತು. ಬೇಗ ಬನ್ನಿ."

ಅದು ಅಂಗಡಿಯಲ್ಲಿ ಸಿಗುವ ಹಾಲಲ್ಲ. ದಿನ ತುಂಬುವ ಮೊದಲೇ ಹುಟ್ಟಿ, ಅಂಗೈಯಷ್ಟೇ ಇರುವ ಕೂಸುಗಳಿಗಾಗಿ ಬೇರೆ ಬೇರೆ ತಾಯಂದಿರು ತಮ್ಮ ಎದೆಹಾಲನ್ನು ಹಿಂಡಿ ಕೊಟ್ಟದ್ದು. ಒಂದೊಂದು ಬಾಟಲಿಯ ಮೇಲೂ ಒಂದೊಂದು ಚೀಟಿ, ಒಂದೊಂದು ತಾರೀಕು. ಫ್ರೀಜರಿನ ತಂಪು ಕಡಿಮೆಯಾದ ಕೂಡಲೇ ನರ್ಸಿನ ಫೋನಿಗೆ ಎಚ್ಚರಿಕೆ ಕಳಿಸುವ ತಂತ್ರಾಂಶವನ್ನು ಇವಳ ಪುಟ್ಟ ಕಚೇರಿ ಮಾಡಿಕೊಟ್ಟಿತ್ತು. ಅದನ್ನು ಒಂದು ಹೊಸ ಜಾಗದಲ್ಲಿ ಹೇಗೆ ಅಣಿಗೊಳಿಸಬೇಕು, ಯಾವ ಸೆಟ್ಟಿಂಗ್ ಎಲ್ಲಿ ಬದಲಿಸಬೇಕು ಎಂಬ ಕೈಪಿಡಿಯನ್ನು ಬರೆದವಳು ಇವಳು. ಕಚೇರಿಯಲ್ಲಿ ಎಲ್ಲರೂ ಕರೆಯುವುದೇ ಕೈಪಿಡಿಯಮ್ಮ ಎಂದು.

ಶಾಲೆಯಲ್ಲಿ ನೀರಿನ ಟ್ಯಾಂಕು ತೊಳೆಯುತ್ತಾರೆಂದು ಅವತ್ತು ರಜೆ. ಮಗಳ ಅಪ್ಪ ಬೆಳಗಿನ ಪಾಳಿಗೆ ಹೊರಟುಹೋಗಿದ್ದ. ಹೆಣೆಯದೆ ಉಳಿದ ಕೂದಲಿಗೆ ಒಂದು ರಬ್ಬರ್ ಬ್ಯಾಂಡು ಸುತ್ತಿ, "ಪುಟ್ಟಿ, ನೀನೂ ಬಾ," ಎಂದಳು. ಪುಟ್ಟಿ ಬಾಯಿ ತೆರೆದಳು. ಏನೋ ಕೇಳುವವಳಿದ್ದಳು. ಮತ್ತೆ ಮುಚ್ಚಿಕೊಂಡು ಚಪ್ಪಲಿ ಹಾಕಿಕೊಂಡಳು.

ಮೂರು ವಾರದಿಂದ ಇದೇ ಕಥೆ. ಒಂಬತ್ತು ವರ್ಷದ ಹುಡುಗಿ, ಮೊದಲೆಲ್ಲ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದವಳು, ಈಗ ತುಟಿಯವರೆಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದಳು. ಅವಳ ಗಣಿತದ ಪುಸ್ತಕದ ಅಂಚಿನಲ್ಲಿ ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದ ತೆಳ್ಳಗಾದ ಜಾಗಗಳಿದ್ದವು. ಬೆಳಕಿಗೆ ಹಿಡಿದರೆ ಅಲ್ಲೆಲ್ಲ ಒಂದೊಂದು ಪ್ರಶ್ನೆಯ ಗುರುತು ಕಾಣುತ್ತಿತ್ತು. ಏನಮ್ಮಾ ಎಂದು ಕೇಳಿದರೆ ಏನಿಲ್ಲ ಎಂಬ ಉತ್ತರ.

ಕಚೇರಿ ಮುಟ್ಟಿದಾಗ ಯಜಮಾನರ ಮೇಜಿನ ಮೇಲೆ ಒಂದು ಲಕೋಟೆ ಆಗಲೇ ಸಿದ್ಧವಾಗಿತ್ತು. ಅದರೊಳಗಿರುವುದು ಕೆಲಸದಿಂದ ತೆಗೆದ ಕಾಗದವೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ, ಕಚೇರಿಯಲ್ಲಿ ಎಲ್ಲರೂ ಹೊಸಬರು ಎನ್ನುವ ಹೆಂಗಸು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿದ್ದರು.

ಹೊಸಬರಿಗೆ ನಲವತ್ತಾರು ವರ್ಷ. ಹತ್ತೊಂಬತ್ತು ವರ್ಷ ಔಷಧದ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು, ಮೂರು ವಾರದ ಹಿಂದೆ ಇಲ್ಲಿಗೆ ಸೇರಿದ್ದರು. ಹಾಲಿನ ಕೋಣೆಗೆ ಶುಕ್ರವಾರ ಒಬ್ಬರೇ ಹೋಗಿ ಎಲ್ಲ ಅಣಿಗೊಳಿಸಿ ಬಂದದ್ದು ಅವರೇ. ಒಂಟಿಯಾಗಿ ಮಾಡಿದ ಮೊದಲ ಕೆಲಸ.

ಯಜಮಾನರು ಕಂಪ್ಯೂಟರಿನ ದಾಖಲೆಯನ್ನು ತೋರಿಸಿದರು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ — ‘ಮೌನ’ ಹಾಕಲಾಗಿದೆ. ಅಂದರೆ ಎಚ್ಚರಿಕೆಯ ಬಾಯಿ ಕಟ್ಟಲಾಗಿದೆ. ಆಮೇಲೆ ಅದನ್ನು ತೆಗೆದ ದಾಖಲೆಯೇ ಇಲ್ಲ. ಭಾನುವಾರ ಫ್ರೀಜರ್ ಬಿಸಿಯಾಗುತ್ತಾ ಹೋದಾಗ ತಂತ್ರಾಂಶ ಎಲ್ಲವನ್ನೂ ನೋಡುತ್ತಿತ್ತು, ಹೇಳಲಿಲ್ಲ.

"ಮೂರು ಗಂಟೆಗೆ ಆಸ್ಪತ್ರೆಯವರು ಬರ್ತಾರೆ," ಎಂದರು ಯಜಮಾನರು. "ಯಾರು ಮಾಡಿದ್ದು ಅಂತ ಕೇಳ್ತಾರೆ. ನಾನು ಒಬ್ಬರನ್ನ ತೋರಿಸ್ಬೇಕು."

"ಮೂರು ಗಂಟೆವರೆಗೆ ಆ ಲಕೋಟೆ ಕೊಡಬೇಡಿ, ಸರ್. ನಾನು ಸ್ವಲ್ಪ ನೋಡ್ತೀನಿ."

"ನೋಡೋಕೆ ಏನಿದೆ?"

ಅದು ಅವಳಿಗೂ ಗೊತ್ತಿರಲಿಲ್ಲ.

ಪುಟ್ಟಿಯನ್ನು ತನ್ನ ಮೇಜಿನ ಬಳಿ ಕೂರಿಸಿ, ಖಾನೆಯಿಂದ ಕೈಗೆ ಸಿಕ್ಕಿದ ಒಂದು ಹಳೆಯ ಟಿಪ್ಪಣಿ ಪುಸ್ತಕ ತೆಗೆದು, "ಖಾಲಿ ಹಾಳೇಲಿ ಚಿತ್ರ ಬರ್ಕೋ," ಎಂದು ಕೊಟ್ಟು, ಹೊಸಬರನ್ನು ಕಿಟಕಿಯ ಹತ್ತಿರ ಕರೆದಳು.

"ಮೌನ ಹಾಕಿದ್ದು ನೀವೇನಾ, ಅಕ್ಕಾ?"

"ನಾನೇ. ಮೂರನೇ ಹಂತದಲ್ಲಿ ಹಾಕಿ ಅಂತ ಇದೆಯಲ್ಲ, ಮೇಡಂ. ಕೆಲಸ ಮಾಡುವಾಗ ಸುಮ್ಮಸುಮ್ಮನೆ ಎಚ್ಚರಿಕೆ ಹೋಗಿ ನರ್ಸುಗಳಿಗೆ ತೊಂದರೆ ಆಗಬಾರದು ಅಂತ."

"ತೆಗೆಯಲಿಲ್ಲ ಯಾಕೆ?"

"ತೆಗೀರಿ ಅಂತ ಎಲ್ಲೂ ಇಲ್ಲ."

"ಇದೆ. ಕೊನೇ ಹಂತ. ಹದಿಮೂರನೇದು."

"ನನ್ನ ಹತ್ರ ಇರೋದರಲ್ಲಿ ಹನ್ನೆರಡೇ ಇರೋದು."

ಚೀಲದಿಂದ ಕೈಪಿಡಿಯ ಮುದ್ರಿತ ಹಾಳೆಗಳು ಹೊರಬಂದವು. ಔಷಧದ ಅಂಗಡಿಯಲ್ಲಿ ಕಲಿತ ಅಭ್ಯಾಸವಿರಬೇಕು, ಪ್ರತಿ ಹಂತದ ಮುಂದೆಯೂ ಪೆನ್ಸಿಲಿನಲ್ಲಿ ನೀಟಾದ ಸರಿ ಗುರುತು. ಒಂದು, ಎರಡು, ಮೂರು... ಹನ್ನೆರಡು: ಪರೀಕ್ಷೆಯ ಗುಂಡಿ ಒತ್ತಿ, ನರ್ಸಿನ ಫೋನಿಗೆ ಸಂದೇಶ ಬಂದಿತೇ ನೋಡಿ. ಅದರ ಕೆಳಗೆ ಬಿಳಿ ಕಾಗದ.

‘ಹೊರಡುವ ಮುನ್ನ ಮೌನ ತೆಗೆಯಿರಿ’ — ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಸಾಲು ಎಲ್ಲಿ ಹೋಯಿತು? ತಾನಾಗಿ ಎದ್ದುಹೋಗಲು ಅದಕ್ಕೇನು ಕಾಲಿದೆಯೇ?

ಕಂಪ್ಯೂಟರಿನಲ್ಲಿದ್ದ ಕೈಪಿಡಿಯನ್ನು ತೆರೆದಳು. ಅಲ್ಲೂ ಹನ್ನೆರಡೇ. ಯಾರು ಯಾವಾಗ ಅದನ್ನು ತೆರೆದಿದ್ದಾರೆ ಎಂಬ ಪಟ್ಟಿ ನೋಡಿದಳು. ಕೊನೆಯ ಸಾಲಿನ ಮೇಲೆ ಕಣ್ಣು ನಿಂತಿತು. ಶನಿವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ದೊಡ್ಡಣ್ಣ.

ದೊಡ್ಡಣ್ಣ ಕಚೇರಿಯ ಹಿರಿಯ ತಂತ್ರಜ್ಞ. ತಂತ್ರಾಂಶದ ಮುಕ್ಕಾಲು ಪಾಲು ಬರೆದದ್ದೇ ಅವರು. ಹದಿನಾಲ್ಕು ಆಸ್ಪತ್ರೆಗಳಲ್ಲಿ ಕೈಪಿಡಿಯ ಮುಖ ನೋಡದೆ ಅದನ್ನು ಅಣಿಗೊಳಿಸಿದ್ದರು. ಅವರು ಕೈಪಿಡಿ ತೆರೆಯುವುದೆಂದರೇನು? ಅದೂ ರಜೆಯ ದಿನ? ಅದೂ ಫ್ರೀಜರ್ ಕೆಡುವ ಹಿಂದಿನ ದಿನ? ಇನ್ನೊಂದು ಮಾತೂ ಅವಳಿಗೆ ನೆನಪಾಯಿತು. ಹೊಸಬರಿಗೆ ಸಿಕ್ಕ ಈ ಕೆಲಸಕ್ಕೆ ದೊಡ್ಡಣ್ಣ ತಮ್ಮ ತಂಗಿಯ ಮಗನನ್ನು ಸೇರಿಸಬೇಕೆಂದು ಎರಡು ತಿಂಗಳು ಯಜಮಾನರ ಹಿಂದೆ ಬಿದ್ದಿದ್ದರು. ಅದು ಆಗಿರಲಿಲ್ಲ.

ಕಾಫಿ ಯಂತ್ರದ ಬಳಿ ಅವರು ಸಿಕ್ಕರು.

"ಶನಿವಾರ ಕೈಪಿಡಿ ತೆಗೆದಿದ್ರಂತೆ?"

ಅವರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. "ತೆಗೆದಿದ್ದೆ. ಏನೀಗ?"

"ಯಾಕೆ?"

"ಯಾಕೆ ಅಂದ್ರೆ? ನಮ್ಮದೇ ಕಚೇರಿ, ನಮ್ಮದೇ ಕೈಪಿಡಿ."

"ಅದರಿಂದ ಒಂದು ಸಾಲು ಕಾಣೆಯಾಗಿದೆ, ದೊಡ್ಡಣ್ಣ. ಮೌನ ತೆಗೆಯೋ ಸಾಲು."

"ನನ್ನನ್ನ ಕೇಳ್ತಿದ್ದೀಯಾ?" ಅವರ ಹುಬ್ಬು ಗಂಟಿಕ್ಕಿತು. "ಕಟ್ಟಿದ್ದನ್ನ ಬಿಚ್ಚಬೇಕು ಅನ್ನೋದು ಸಣ್ಣ ಮಕ್ಕಳಿಗೂ ಗೊತ್ತಾಗುತ್ತೆ. ಅದನ್ನೂ ಬರೆದಿಡ್ಬೇಕಾ? ಬರೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಂಗಡೀಲಿ ಮಾತ್ರೆ ಎಣಿಸ್ತಿದ್ದವರನ್ನ ತಂದು ಇಲ್ಲಿ ಕೂರಿಸಿದ್ರೆ ಹೀಗೇ ಆಗೋದು."

ಆದರೆ ಶನಿವಾರದ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಲೋಟವನ್ನು ಅರ್ಧಕ್ಕೇ ಬಿಟ್ಟು ಹೋದರು. ಅವರ ಬೆನ್ನನ್ನೇ ನೋಡುತ್ತಾ ನಿಂತವಳಿಗೆ ಸಂಶಯ ಗಟ್ಟಿಯಾಯಿತು.

ಗಟ್ಟಿಯಾದದ್ದು ಹತ್ತೇ ನಿಮಿಷ. ಮೇಜಿಗೆ ಬಂದು ಹೊಸಬರ ಹಾಳೆಗಳನ್ನು ಮತ್ತೊಮ್ಮೆ ಮಗುಚಿದಾಗ, ಪ್ರತಿ ಹಾಳೆಯ ತಳದಲ್ಲಿ ಪುಟ್ಟ ಅಕ್ಷರದಲ್ಲಿ ಮುದ್ರಣದ ತಾರೀಕು ಕಂಡಿತು. ಹೊಸಬರು ಕೆಲಸಕ್ಕೆ ಸೇರಿದ ದಿನ. ಅಂದರೆ ಮೂರು ವಾರದ ಹಿಂದೆಯೇ ಆ ಸಾಲು ಇರಲಿಲ್ಲ. ಶನಿವಾರ ದೊಡ್ಡಣ್ಣ ಏನೇ ಮಾಡಿರಲಿ, ಆ ಸಾಲನ್ನಂತೂ ಕದ್ದಿಲ್ಲ.

ಹಾಗಾದರೆ ಯಾರು? ಯಾವಾಗ?

ನರ್ಸಿಗೆ ಫೋನು ಮಾಡಿದಳು. ಆ ಹೆಂಗಸಿನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಕೂಸುಗಳಿಗೆ ಸದ್ಯಕ್ಕೆ ಬೇರೆ ಆಸ್ಪತ್ರೆಯಿಂದ ಹಾಲು ತರಿಸಿದ್ದಾಗಿದೆ, ಅವಕ್ಕೇನೂ ತೊಂದರೆಯಿಲ್ಲ ಎಂದರು. ಬೆಳಗ್ಗಿನಿಂದ ಹಾಲು ಕೊಟ್ಟ ಒಬ್ಬೊಬ್ಬ ತಾಯಿಗೂ ಫೋನು ಮಾಡಿ, ಚೆಲ್ಲಿದೆವು ಎಂದು ಹೇಳುವ ಕೆಲಸ ತಮ್ಮ ಪಾಲಿಗೆ ಬಂದಿದೆ ಎಂದರು.

"ಶುಕ್ರವಾರ ಪರೀಕ್ಷೆಯ ಸಂದೇಶ ಬಂದಿತ್ತಾ, ಸಿಸ್ಟರ್?"

"ಬಂತು. ನಾಲ್ಕೂ ಹತ್ತಕ್ಕೆ. ಈಗಲೂ ಫೋನಲ್ಲಿದೆ. ಅದಕ್ಕೇ ನಂಬಿದ್ವಿ."

ಅದು ಸರಿಯೇ. ಮೌನವಿದ್ದರೂ ಪರೀಕ್ಷೆಯ ಗುಂಡಿ ಒತ್ತಿದರೆ ಸಂದೇಶ ಹೋಗುವಂತೆ ತಂತ್ರಾಂಶ ಮಾಡಿದ್ದರು.

"ಬಂದವರು ಹೇಗಿದ್ರು? ಅವಸರದಲ್ಲಿದ್ರಾ?"

"ಇಲ್ಲಪ್ಪ. ಹೊರಡುವಾಗ, ಇನ್ನು ನಾವು ನಿಶ್ಚಿಂತೆಯಾಗಿರಬಹುದಾ ಅಂತ ಕೇಳಿದೆ. ಅವರು ತಟ್ಟನೆ ಹೂಂ ಅನ್ನಲಿಲ್ಲ. ಆ ಹಾಳೆಗಳನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ಹೂಂ ಅಂದ್ರು."

ಅವಳು ಫೋನು ಇಟ್ಟು, ಮೂರನೇ ಹಂತವಿದ್ದ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಒಂದು ಕಡೆ ಕಾಗದ ತೆಳ್ಳಗಾಗಿತ್ತು. ರಬ್ಬರು ಆಡಿದ ಜಾಗ. ಪೆನ್ಸಿಲಿನ ಬಣ್ಣ ಹೋಗಿತ್ತು; ಒತ್ತಿದ ಗೆರೆ ಉಳಿದಿತ್ತು. ಮೇಲೆ ಕೊಂಕು, ಕೆಳಗೆ ಚುಕ್ಕೆ.

ಇಂಥ ಗುರುತನ್ನು ಓದುವುದು ಅವಳಿಗೆ ಮೂರು ವಾರದಿಂದ ಅಭ್ಯಾಸವಾಗಿತ್ತು.

ಕಂಪ್ಯೂಟರಿನಲ್ಲಿ ಕೈಪಿಡಿಯ ಹಳೆಯ ರೂಪಗಳೆಲ್ಲ ಉಳಿದಿದ್ದವು. ಎರಡು ವರ್ಷದಲ್ಲಿ ಆರು. ಒಂದೊಂದನ್ನೇ ತೆರೆದಳು. ಆರನೆಯದರಲ್ಲಿ ಹನ್ನೆರಡು ಹಂತ. ಐದನೆಯದರಲ್ಲಿ ಹನ್ನೆರಡು. ನಾಲ್ಕು, ಮೂರು, ಎರಡು... ಕೊನೆಗೆ ಮೊದಲನೆಯದನ್ನೂ ತೆರೆದಳು. ಹನ್ನೆರಡು.

ಆ ಹೊತ್ತಿಗೆ ಪುಟ್ಟಿ ಅವಳ ತೋಳು ಮುಟ್ಟಿದಳು. ಬಾಯಲ್ಲಿ ಏನೂ ಹೇಳಲಿಲ್ಲ. ಚಿತ್ರ ಬರೆಯಲು ಖಾಲಿ ಹಾಳೆ ಹುಡುಕುತ್ತಾ ಆ ಹಳೆಯ ಪುಸ್ತಕದ ನಡುವೆ ಎಲ್ಲೋ ನಿಂತಿದ್ದಳು. ಒಂದು ಪುಟದ ತಳದಲ್ಲಿ ಬೆರಳಿಟ್ಟು, ಅಮ್ಮನ ಮುಖ ನೋಡುತ್ತಿದ್ದಳು.

ಅವಳು ಆ ಪುಟ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, ಎದ್ದು ಯಜಮಾನರ ಕೋಣೆಗೆ ಹೋಗಿ, ಎರಡೂವರೆಗೆ ಎಲ್ಲರೂ ಒಂದೆಡೆ ಸೇರಬೇಕು ಎಂದಳು. ದೊಡ್ಡಣ್ಣನಿಗೆ ತಮ್ಮ ಲ್ಯಾಪ್‌ಟಾಪು ತರಲು ಹೇಳಿ ಎಂದೂ ಸೇರಿಸಿದಳು.

ಎರಡೂವರೆಗೆ ದೊಡ್ಡಣ್ಣ ಮುಖ ಊದಿಸಿಕೊಂಡು ಮೇಜಿನ ಮುಂದೆ ಕೂತರು. ಎದುರಿಗೆ ಯಜಮಾನರು, ಪಕ್ಕದಲ್ಲಿ ಲಕೋಟೆ. ಗೋಡೆಯ ಬಳಿ ಹೊಸಬರು. ಬಾಗಿಲ ಹತ್ತಿರದ ಎತ್ತರದ ಕುರ್ಚಿಯಲ್ಲಿ ಒಂಟಿ ಜಡೆಯ ಪುಟ್ಟಿ ಕಾಲು ಜೋತುಬಿಟ್ಟುಕೊಂಡಿದ್ದಳು.

"ಒಂದು ಹೊಸ ಫ್ರೀಜರ್‌ಗೆ ಅಣಿ ಮಾಡಿ ತೋರಿಸಿ," ಎಂದಳು ಕೈಪಿಡಿಯಮ್ಮ. "ಮಾಡ್ತಾ ಮಾಡ್ತಾ ಬಾಯಲ್ಲೂ ಹೇಳಿ."

"ಇದೇನು ನಾಟಕ?"

"ಹತ್ತು ನಿಮಿಷದ ನಾಟಕ. ಮಾಡಿ, ದೊಡ್ಡಣ್ಣ."

ಅವರು ಮಾಡಿದರು. ನೀರು ಕುಡಿದಷ್ಟು ಸಲೀಸಾಗಿ. ಮೂರನೆಯದಕ್ಕೆ ಮೌನ ಹಾಕಿದೆ ಎಂದರು. ನರ್ಸಿನ ಫೋನ್ ಸಂಖ್ಯೆಯ ಜಾಗಕ್ಕೆ ಯಜಮಾನರದು, ತಂಪಿನ ಮಿತಿ, ಒಂದೊಂದನ್ನೂ ಹೇಳಿದರು. ಹನ್ನೆರಡನೆಯದಕ್ಕೆ ಯಜಮಾನರ ಫೋನು ಕಿಣಿಕಿಣಿ ಎಂದಿತು.

"ಬಂತು. ಮುಗೀತು," ಎಂದು ದೊಡ್ಡಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಬಲಗೈ ನೀರಿನ ಬಾಟಲಿಗೆ ಹೋಯಿತು. ಲ್ಯಾಪ್‌ಟಾಪು ಮುಚ್ಚಿತು.

"ಈಗ ಏನು ಒತ್ತಿದ್ರಿ?"

"ಯಾವಾಗ?"

"ಮುಗೀತು ಅಂದಮೇಲೆ."

"ಏನೂ ಒತ್ತಿಲ್ವಲ್ಲ."

"ಒತ್ತಿದ್ರಿ." ಮಾತು ಬಂದದ್ದು ಗೋಡೆಯ ಕಡೆಯಿಂದ. ಆ ಕೋಣೆಯಲ್ಲಿ ಹೊಸಬರು ಬಾಯಿಬಿಟ್ಟದ್ದು ಅದೇ ಮೊದಲು. "ಎಡಗೈ. ಎದ್ದೇಳ್ತಾ ಎರಡು ಕೀ ಒಟ್ಟಿಗೆ ಒತ್ತಿ, ಆಮೇಲೆ ಮುಚ್ಚಿದ್ರಿ."

ಯಜಮಾನರು ಲ್ಯಾಪ್‌ಟಾಪು ತೆರೆದರು. ‘ಮೌನ’ ಹೋಗಿತ್ತು. ದೊಡ್ಡಣ್ಣ ತಮ್ಮ ಎಡಗೈಯನ್ನು ಮಗುಚಿ, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದರು.

"ಕೋಣೆಯಿಂದ ಹೊರಡುವಾಗ ದೀಪ ಆರಿಸ್ತೀವಲ್ಲ, ಹಾಗೆ," ಎಂದಳು ಅವಳು. "ಹದಿನಾಲ್ಕು ಕಡೆ ಆ ಕೈ ತಾನಾಗಿ ಮಾಡಿದೆ. ಅವರ ಬಾಯಿಗೆ ಅದು ಯಾವತ್ತೂ ಬಂದಿಲ್ಲ."

"ಹಾಗಾದರೆ ಕೈಪಿಡಿಯಿಂದ ಸಾಲು ತೆಗೆದವರು ಯಾರು?" ಯಜಮಾನರು ಕೇಳಿದರು.

"ಯಾರೂ ತೆಗೆದಿಲ್ಲ, ಸರ್. ಅದು ಇರಲೇ ಇಲ್ಲ." ಅವಳು ಹಳೆಯ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಎರಡು ವರ್ಷದ ಹಿಂದೆ ದೊಡ್ಡಣ್ಣನ ಪಕ್ಕ ಕೂತು, ಅವರು ಹೇಳಿದ ಹಾಗೆ ಬರ್ಕೊಂಡಿದ್ದು ಇದು. ಕೊನೇಲಿ ನೋಡಿ."

ಹನ್ನೆರಡನೆಯ ಹಂತದ ಕೆಳಗೆ ಅವಳದೇ ಅಕ್ಷರದಲ್ಲಿ ಎರಡು ಸಾಲುಗಳಿದ್ದವು. ‘ಮುಗೀತು ಅಂದರು.’ ‘ಪುಟ್ಟಿನ ಕರೆತರಬೇಕು, ನಾಲ್ಕೂವರೆ.’

"ಮುಗೀತು ಅಂದ ಕೂಡಲೇ ನಾನು ಪುಸ್ತಕ ಮುಚ್ಚಿದೆ. ಶಾಲೆ ಬಿಡೋ ಹೊತ್ತಾಗಿತ್ತು. ಅವರ ಕೈ ಕೀ ಒತ್ತುವಾಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ಆಮೇಲೆ ಆ ಕೈಯನ್ನ ಎಷ್ಟೋ ಸಲ ನೋಡಿದೀನಿ. ನೋಡಿ ನೋಡಿ, ಬರೆದಿದ್ದೀನಿ ಅಂತಲೇ ನಂಬಿಬಿಟ್ಟಿದ್ದೆ. ಬೆಳಗ್ಗೆ ಯಾರೋ ಕದ್ದಿದ್ದಾರೆ ಅಂತ ಹುಡುಕಿದೆ. ದೊಡ್ಡಣ್ಣನ ಮೇಲೆ ಸಂಶಯಪಟ್ಟೆ."

"ಶನಿವಾರ..." ದೊಡ್ಡಣ್ಣ ಗಂಟಲು ಸರಿಮಾಡಿಕೊಂಡರು. ತಂಗಿಯ ಮಗನಿಗೆ ತೋರಿಸಲು ತೆರೆದಿದ್ದಂತೆ. ಹೊಸಬರು ಕೆಲಸದಲ್ಲಿ ನಿಲ್ಲದೆ ಹೋದರೆ ಅವನು ತಯಾರಾಗಿರಲಿ ಎಂದು. ಹೇಳಿ ಮುಗಿಸಿ ತಲೆ ತಗ್ಗಿಸಿದರು.

"ಎರಡು ವರ್ಷ ಇದು ಯಾಕೆ ಹೊರಗೆ ಬರಲಿಲ್ಲ?" ಯಜಮಾನರ ದನಿಯಲ್ಲಿ ಇನ್ನೂ ಸಂಶಯವಿತ್ತು.

"ಆ ಕೈಪಿಡಿ ನೋಡಿ ನಿಜವಾಗಿ ಕೆಲಸ ಮಾಡಿದವರು ಇವರೊಬ್ಬರೇ. ಉಳಿದೋರಿಗೆಲ್ಲ ಮೊದಲೇ ಗೊತ್ತಿತ್ತು." ಅವಳು ಮೂರನೆಯ ಹಂತದ ಹಾಳೆಯನ್ನು ಅವರ ಕೈಗೆ ಕೊಟ್ಟಳು. "ಬೆಳಕಿಗೆ ಹಿಡೀರಿ. ಅಂಚು ನೋಡಿ."

ಅವರು ಹಿಡಿದು ನೋಡಿ, ನಿಧಾನಕ್ಕೆ ಕೆಳಗಿಳಿಸಿದರು.

"ಏನು ಕೇಳಬೇಕು ಅಂತಿದ್ರಿ, ಅಕ್ಕಾ?"

ಹೊಸಬರ ಕೈ ಚೀಲದ ಹಿಡಿಯನ್ನು ಹಿಂಡಿತು. "ಹಾಕಿದ ಮೌನ ತಾನಾಗೇ ಹೋಗುತ್ತಾ, ನಾವೇ ತೆಗೀಬೇಕಾ ಅಂತ."

"ಕೇಳಲಿಲ್ಲ ಯಾಕೆ?"

"ಸೇರಿದ ದಿನ ಏನೋ ಕೇಳಿದ್ದಕ್ಕೆ, ಎಲ್ಲಾ ಕೈಪಿಡೀಲಿದೆ, ಓದ್ಕೊಳ್ಳಿ ಅಂದ್ರು. ಓದೋಕೆ ತೆಗೆದ್ರೆ ಮೊದಲನೇ ಸಾಲೇ ‘ನಿಮಗೆಲ್ಲ ತಿಳಿದಿರುವಂತೆ’ ಅಂತ ಇತ್ತು. ನನಗೆ ತಿಳಿದಿರಲಿಲ್ಲ. ಈ ವಯಸ್ಸಲ್ಲಿ ಅಷ್ಟೂ ಗೊತ್ತಾಗಲ್ವಾ ಅಂದ್ಬಿಟ್ಟರೆ? ಅಳಿಸಿಬಿಟ್ಟೆ."

ಬಾಗಿಲ ಬಳಿಯ ಕುರ್ಚಿಯಲ್ಲಿ ಜೋತಾಡುತ್ತಿದ್ದ ಕಾಲುಗಳು ನಿಂತವು.

"ಆ ಸಾಲು ಬರೆದವಳೂ ನಾನೇ," ಎಂದಳು ಕೈಪಿಡಿಯಮ್ಮ. "ಪ್ರಶ್ನೆ ಸರಿಯಾಗಿತ್ತು, ಸರ್. ಅದನ್ನ ಕೇಳಿದ್ದಿದ್ರೆ ಹಾಲು ಉಳೀತಿತ್ತು. ಕೇಳದ ಹಾಗೆ ಮಾಡಿದ್ದು ಕೈಪಿಡಿ. ಆಸ್ಪತ್ರೆಯವರು ಯಾರು ಅಂದ್ರೆ, ನನ್ನನ್ನ ತೋರಿಸಿ."

ಮೂರು ಗಂಟೆಗೆ ಆಸ್ಪತ್ರೆಯವರು ಬಂದಾಗ ತೋರಿಸುವ ಕೆಲಸವನ್ನು ಅವಳು ಯಜಮಾನರಿಗೆ ಬಿಡಲಿಲ್ಲ. ತಾನೇ ಎದ್ದು ಹೇಳಿದಳು. ಅವರ ಜೊತೆ ಬಂದಿದ್ದ ನರ್ಸು ಕೊನೆಯವರೆಗೆ ಕೇಳಿ, ಹಾಲು ಕೊಟ್ಟ ತಾಯಂದಿರಲ್ಲಿ ಇನ್ನೂ ಹನ್ನೊಂದು ಜನಕ್ಕೆ ಫೋನು ಮಾಡುವುದಿದೆ, ಅದರಲ್ಲಿ ಅರ್ಧ ನೀವು ಮಾಡಿ ಎಂದು ಪಟ್ಟಿ ಹರಿದು ಕೊಟ್ಟರು. ಅವಳು ಮಾಡಿದಳು. ಆರನೆಯ ಫೋನು ಮುಗಿಸಿ, ಪಟ್ಟಿಯನ್ನು ನರ್ಸಿಗೆ ಹಿಂದಿರುಗಿಸಿದಳು. ತಿಂಗಳ ಕೊನೆಗೆ ತನಗೂ ಒಂದು ಕಾಗದ ಬರಬಹುದು ಎಂದು ಗೊತ್ತಿತ್ತು. ಯಜಮಾನರು ಹೊಸಬರ ಲಕೋಟೆಯನ್ನು ಹರಿದುಹಾಕಲಿಲ್ಲ. ಖಾನೆಯೊಳಗೆ ತಳ್ಳಿ, ನಾಳೆ ಒಂಬತ್ತಕ್ಕೆ ಬನ್ನಿ ಎಂದು ಅವರಿಗೆ ಹೇಳಿದರು.

ಹೊಸಬರು ನಾಳೆಯವರೆಗೆ ಕಾಯಲಿಲ್ಲ. ಅವತ್ತೇ ಸಂಜೆಯವರೆಗೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತರು. ಹೊಸಬರು ಕೈಪಿಡಿ ನೋಡಿ ಮೊದಲಿನಿಂದ ಮಾಡುತ್ತಾ ಹೋದರು. ಅವರ ಕೈ ಎಲ್ಲೆಲ್ಲಿ ತಡೆಯಿತೋ ಅಲ್ಲೆಲ್ಲ ಇವಳು ಒಂದು ಸಾಲು ಸೇರಿಸಿದಳು. ಈ ಕಡತ ಎಲ್ಲಿರುತ್ತದೆ? ಈ ಸಂಖ್ಯೆ ನಮ್ಮದಾ, ಸುಮ್ಮನೆ ಮಾದರಿಗೆ ಕೊಟ್ಟದ್ದಾ? ಸರಿಯಾಯಿತೆಂದು ಹೇಗೆ ತಿಳಿಯಬೇಕು? ಹನ್ನೆರಡು ಹಂತ ಇಪ್ಪತ್ತೊಂದಾಯಿತು. ‘ನಿಮಗೆಲ್ಲ ತಿಳಿದಿರುವಂತೆ’ ಹೋಯಿತು. ಅಂಚನ್ನು ನಾಲ್ಕು ಬೆರಳು ಅಗಲ ಬಿಟ್ಟು, ಪ್ರತಿ ಪುಟದ ನೆತ್ತಿಯ ಮೇಲೆ ‘ಸಂಶಯ ಬಂದರೆ ಇಲ್ಲಿ ಬರೆಯಿರಿ, ಅಳಿಸಬೇಡಿ’ ಎಂದು ಹಾಕಿದಳು. ನಡುವೆ ದೊಡ್ಡಣ್ಣ ಬಂದು ಹಿಂದೆ ನಿಂತು, ನೋಡಿ, ಕಾಫಿ ಯಂತ್ರದಿಂದ ಮೂರು ಲೋಟ ತಂದಿಟ್ಟು ಹೋದರು. ಒಂದರಲ್ಲಿ ಬರೀ ಹಾಲು. ಪುಟ್ಟಿಗೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಬಾಚಣಿಗೆ ಹಿಡಿದು ಅವಳು ಮೆಟ್ಟಿಲ ಮೇಲೆ ಕೂತಳು. ಪುಟ್ಟಿ ಒಂದು ಮೆಟ್ಟಿಲು ಕೆಳಗೆ, ಬೆನ್ನು ಕೊಟ್ಟು ಕೂತಳು. ದಿನವಿಡೀ ಹೆಣೆಯದೆ ಉಳಿದಿದ್ದ ಎಡಗಡೆಯ ಕೂದಲು ಸಿಕ್ಕುಗಟ್ಟಿತ್ತು. ಅವಳು ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಮೇಲಕ್ಕೆ ಬಂದಳು. ಏನನ್ನೂ ಕೇಳಲಿಲ್ಲ. ಅನ್ನ ಕುದಿಯುವ ಸದ್ದು ಒಳಗಿನಿಂದ ಬರುತ್ತಿತ್ತು.

ಮೂರು ಹೆಣಿಗೆ ಆಯಿತು. ನಾಲ್ಕನೆಯದಕ್ಕೆ ಪುಟ್ಟಿಯ ಕತ್ತು ಸ್ವಲ್ಪ ಬಿಗಿಯಿತು.

"ಅಮ್ಮಾ."

"ಹೇಳು."

"ಭಾಗಾಕಾರ ಮಾಡುವಾಗ ಮೇಲಿನ ಅಂಕೀನ ಕೆಳಗೆ ಇಳಿಸ್ಕೋಬೇಕು ಅಂತಾರಲ್ಲ. ಎಲ್ಲರೂ ಇಳಿಸ್ಕೋತಾರೆ, ನಾನೂ ಇಳಿಸ್ಕೋತೀನಿ." ಒಂದು ಉಸಿರಿನಷ್ಟು ತಡೆದಳು. "ಅದು ಯಾಕೆ ಕೆಳಗೆ ಇಳಿಯುತ್ತೆ?"